ಪೂರ್ವದ ಇಳಿಜಾರಿನ ಒರತೆಗಳು

ಚಿಕ್ಕಮ್ಮನಿಗೆ ನನ್ನ ಕೆಲಸ ಏನೆಂದು ಎಷ್ಟು ಸಲ ವಿವರಿಸಿದರೂ ಅಷ್ಟೇ. ಯಾರಾದರೂ ಕೇಳಿದರೆ "ನಮ್ಮ ಹುಡುಗಿ ಕರೆಂಟ್ ಲಾಯರು" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾಳೆ. ಅದನ್ನು ಕೇಳಿಸಿಕೊಂಡವರು ತಮ್ಮ ಮನೆಯ ಮೀಟರು ಕುದುರೆಯ ಹಾಗೆ ಓಡುತ್ತಿದೆ ಎಂದು ನನ್ನ ಹತ್ತಿರ ದೂರು ತರುತ್ತಾರೆ. ಮೀಟರಿನ ವಿಷಯ ನನಗೆ ಸೊನ್ನೆ. ನನ್ನ ಸ್ವಂತ ಮನೆಯ ಫ್ಯೂಸು ಹೋದರೆ ನಾನೇ ಬೇರೆಯವರನ್ನು ಕರೆಯುತ್ತೇನೆ.

ನಮ್ಮ ಕಚೇರಿಯ ಕಸುಬು ಇಷ್ಟು: ಅಣೆಕಟ್ಟು, ವಿದ್ಯುತ್ ಕೇಂದ್ರ, ಹೈಟೆನ್ಷನ್ ಲೈನು ಕಟ್ಟುವ ಕಂಪನಿಗಳಿಗೆ ಬೇಕಾದ ಪರವಾನಗಿಗಳನ್ನೆಲ್ಲ ಒಂದಕ್ಕೊಂದು ತಾಳೆಯಾಗುವಂತೆ ಜೋಡಿಸಿ ಕೊಡುವುದು. ಕೇಳಲು ಸುಲಭ. ಕಾಡಿನವರು ನೀರಿನವರ ಒಪ್ಪಿಗೆ ಮೊದಲು ತನ್ನಿ ಎನ್ನುತ್ತಾರೆ, ನೀರಿನವರು ಕಾಡಿನವರದ್ದು ಎಲ್ಲಿ ಎನ್ನುತ್ತಾರೆ, ರಸ್ತೆಯವರು ಇಬ್ಬರದೂ ಆಗಲಿ ಆಮೇಲೆ ನೋಡೋಣ ಎಂದು ಚಹಾ ಕುಡಿಯಲು ಎದ್ದುಹೋಗುತ್ತಾರೆ. ಈ ಮೂವರ ನಡುವೆ ಓಡಾಡಿ ಓಡಾಡಿ ನನ್ನ ಚಪ್ಪಲಿಯೂ ಸವೆದಿದೆ, ತಾಳ್ಮೆಯೂ ಸವೆದಿದೆ. ಆದರೂ ಕೆಲಸ ಇಷ್ಟವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಅದರಲ್ಲೂ ಗುಡ್ಡದ ಯೋಜನೆ. ಗುಡ್ಡದ ತಲೆಯ ಮೇಲೊಂದು ಕೆರೆ, ಬುಡದಲ್ಲೊಂದು ಕೆರೆ, ನಡುವೆ ಗುಡ್ಡದ ಹೊಟ್ಟೆಯೊಳಗೆ ಸುರಂಗ. ಹಗಲಲ್ಲಿ ಬಿಸಿಲಿನಿಂದ ಮಾಡಿದ ಕರೆಂಟು ಮಿಕ್ಕಾಗ ನೀರನ್ನು ಮೇಲಕ್ಕೆ ಹತ್ತಿಸುವುದು, ಸಂಜೆ ಎಲ್ಲರ ಮನೆಯಲ್ಲೂ ದೀಪ ಹತ್ತಿದಾಗ ಅದೇ ನೀರನ್ನು ಕೆಳಗಿಳಿಸಿ ಕರೆಂಟು ಮಾಡುವುದು. ಹೊಗೆಯಿಲ್ಲ, ಬೂದಿಯಿಲ್ಲ. ಇಷ್ಟು ಚೊಕ್ಕ ಯೋಜನೆ ನನ್ನ ಕೈಗೆ ಹಿಂದೆ ಬಂದಿರಲೇ ಇಲ್ಲ. ಮೊದಲಿನ ನಕ್ಷೆಯಲ್ಲಿ ಸುರಂಗ ಗುಡ್ಡದ ಪಶ್ಚಿಮಕ್ಕಿತ್ತು. ಪೂರ್ವದ ಬುಡದಲ್ಲಿದ್ದ ಚಿಕ್ಕಮ್ಮನ ಲಾಂಡ್ರಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಈ ಲಾಂಡ್ರಿಯ ಬಗ್ಗೆ ಹೇಳಲೇಬೇಕು. ಅಮ್ಮನದು ಊರೂರು ವರ್ಗವಾಗುವ ನೌಕರಿ. ನನ್ನ ಶಾಲೆಯ ವರ್ಷಗಳೆಲ್ಲ ಚಿಕ್ಕಮ್ಮನ ಹತ್ತಿರವೇ ಕಳೆದವು. ಸೋಪಿನ ಹಬೆಯಲ್ಲಿ, ಗಂಜಿಯ ವಾಸನೆಯಲ್ಲಿ, ಒಣಗಲು ಹಾಕಿದ ಹಾಸಿಗೆ ಬಟ್ಟೆಗಳ ಸಾಲುಗಳ ನಡುವೆ ಕೂತು ನಾನು ಓದಿದ್ದು. ದೊಡ್ಡಾಸ್ಪತ್ರೆಯ ಬಟ್ಟೆ, ಎರಡು ಮೂರು ಹೋಟೆಲಿನ ಬಟ್ಟೆ ಅಲ್ಲಿಗೇ ಬರುತ್ತಿದ್ದವು. ಊರಿನಲ್ಲಿ ಬೇರೆ ಲಾಂಡ್ರಿಗಳಿಲ್ಲವೆಂದಲ್ಲ, ಅವರಲ್ಲಿ ಆ ನೀರಿರಲಿಲ್ಲ. ಚಿಕ್ಕಮ್ಮನ ಹಿತ್ತಿಲಿನ ಮೇಲೆ, ಗುಡ್ಡದ ಬದಿಯಲ್ಲಿ, ಒಂದು ಒರತೆ. ಅಲ್ಲಿಂದ ಪೈಪಿನಲ್ಲಿ ಇಳಿದ ನೀರು ಹಗಲೂ ರಾತ್ರಿ ಕಲ್ಲಿನ ತೊಟ್ಟಿಗೆ ಬೀಳುತ್ತಿತ್ತು. ಎಂಥ ಮೆದು ನೀರೆಂದರೆ ಚೂರು ಸೋಪಿಗೇ ನೊರೆ ಉಕ್ಕುತ್ತಿತ್ತು. ನಲ್ಲಿಯ ಗಡಸು ನೀರಲ್ಲಿ ಒಗೆದರೆ ಬಿಳಿ ಬಟ್ಟೆ ನಾಲ್ಕು ಸಲಕ್ಕೆ ಮಂಕು ಹಿಡಿಯುತ್ತದೆ. ಆಸ್ಪತ್ರೆಯವರು ಮಂಕು ಬಟ್ಟೆ ತೆಗೆದುಕೊಳ್ಳುವುದಿಲ್ಲ. ಚಿಕ್ಕಪ್ಪ ಬೇಗ ತೀರಿಕೊಂಡ ಮೇಲೆ ಚಿಕ್ಕಮ್ಮ ತನ್ನ ಕಾಲ ಮೇಲೆ ನಿಂತದ್ದು, ಇಬ್ಬರು ಗಂಡುಮಕ್ಕಳನ್ನು ದಡ ಸೇರಿಸಿದ್ದು, ನನ್ನ ಕಾನೂನು ಓದಿಗೆ ಕೈಹಿಡಿದದ್ದು, ಎಲ್ಲವೂ ಆ ಪೈಪಿನಿಂದ ಬಿದ್ದ ನೀರಿನಿಂದಲೇ.

ಪಶ್ಚಿಮದ ಬಂಡೆ ಸರಿಯಿಲ್ಲವೆಂದು ಸುರಂಗವನ್ನು ಪೂರ್ವಕ್ಕೆ ಸರಿಸಿದರು. ಹೊಸ ದಾರಿಯ ಬಗ್ಗೆ ಮಾತಾಡಲು ಕಂಪನಿಯವರು, ನಾವು, ಮತ್ತು ಅವರ ಭೂವಿಜ್ಞಾನಿ ನಮ್ಮ ಕಚೇರಿಯಲ್ಲೇ ಸೇರಿದೆವು. ಆತನನ್ನು ನಾವು ಬಂಡೆ ಮೇಷ್ಟ್ರು ಎನ್ನುತ್ತಿದ್ದೆವು; ಏನು ಕೇಳಿದರೂ ಪಾಠದ ಧಾಟಿಯಲ್ಲೇ ಶುರುಮಾಡುವ ಮನುಷ್ಯ. ಅವತ್ತು ಮಾತ್ರ ಪಾಠ ಮಾಡಲಿಲ್ಲ.

"ಇಲ್ಲಿ ಬಂಡೆ ಒಡೆದು ಪುಡಿಯಾಗಿದೆ," ಎಂದು ನಕ್ಷೆಯ ಮೇಲೆ ಬೆರಳಿಟ್ಟರು. "ಸುರಂಗ ಇಲ್ಲಿಗೆ ಮುಟ್ಟಿದ ತಕ್ಷಣ ಪೂರ್ವದ ಇಳಿಜಾರಿನ ನೀರೆಲ್ಲ ಒಳಗೆ ಇಳಿಯತ್ತೆ. ಮೇಲಿನ ಒರತೆಗಳು ಬತ್ತಿಹೋಗತ್ವೆ. ಮೊದಲೇ ಸಿಮೆಂಟ್ ತುಂಬಿ ಬಿರುಕು ಮುಚ್ಕೊಂಡು ಹೋದ್ರೆ ಉಳೀಬಹುದು. ಅದಕ್ಕೆ ಟೈಮ್ ಹಿಡಿಯತ್ತೆ."

ಕಂಪನಿಯ ಮ್ಯಾನೇಜರಿಗೆ ಟೈಮ್ ಎಂಬ ಮಾತು ಕೇಳಿದರೇ ಆಗುವುದಿಲ್ಲ. "ಇದು ನಿಮ್ಮ ಅಂದಾಜು ತಾನೆ? ಇನ್ನೊಂದು ಕಡೆ ಕೊರೆದು ನೋಡಿ, ಆಮೇಲೆ ಬರೆಯೋಣ," ಎಂದರು. ಬಂಡೆ ಮೇಷ್ಟ್ರು ನಕ್ಷೆಯಿಂದ ಬೆರಳು ತೆಗೆಯಲಿಲ್ಲ. ನಾನು ನಕ್ಷೆ ನೋಡುತ್ತಿದ್ದೆ. ಅವರ ಬೆರಳಿನ ಪಕ್ಕದಲ್ಲೇ ಒಂದು ಪುಟ್ಟ ಚೌಕ, ಅದರ ಹಿಂದೆ ಒಂದು ನೀಲಿ ಚುಕ್ಕಿ. ಚೌಕ ಚಿಕ್ಕಮ್ಮನ ಲಾಂಡ್ರಿ.

ಸಭೆ ಮುಗಿದದ್ದೇ ನನ್ನ ಮೇಜಿಗೆ ಹೋಗಿ ಒಂದು ಷರತ್ತು ಬರೆದೆ. ಪೂರ್ವದ ಇಳಿಜಾರಿನ ಎಲ್ಲ ಒರತೆಗಳ ನೀರನ್ನು ಅಗೆತ ಶುರುವಾಗುವ ಮೊದಲೇ ಅಳೆದಿಡಬೇಕು. ಅಗೆಯುವಾಗ ನೀರು ಇಳಿದರೆ ಕೆಲಸ ನಿಲ್ಲಿಸಿ ಬಿರುಕು ಮುಚ್ಚಬೇಕು. ಆಗಲೂ ಬತ್ತಿದರೆ ಅಷ್ಟೇ ಮೆದು ನೀರನ್ನು ಕಂಪನಿಯೇ ತಂದು ಕೊಡಬೇಕು. ಇದನ್ನು ಕಂಪನಿಯೇ ತಾನಾಗಿ ಒಪ್ಪಿಕೊಂಡರೆ ಪರವಾನಗಿ ಬೇಗ ಸಿಗುತ್ತದೆಂದು ನನಗೆ ಗೊತ್ತಿತ್ತು, ಅವರನ್ನು ಒಪ್ಪಿಸುವ ದಾರಿಯೂ ಗೊತ್ತಿತ್ತು. ಇಷ್ಟು ವರ್ಷ ಇನ್ನೇನು ಮಣ್ಣು ಹೊತ್ತಿದ್ದೇನೆ! ಕಾಗದ ಹಿಡಿದು ನಮ್ಮ ಕಚೇರಿಯ ಯಜಮಾನರ ಕೋಣೆಗೆ ಹೋದೆ. ಅವರನ್ನು ನಾವೆಲ್ಲ ದೊಡ್ಡವರು ಎನ್ನುತ್ತೇವೆ.

ಷರತ್ತನ್ನು ಓದಿ ದೊಡ್ಡವರು ತಲೆದೂಗಿದರು. "ಚೆನ್ನಾಗಿದೆ. ಒಪ್ಪಿಸ್ತೀಯಾ?"

"ಒಪ್ಪಿಸ್ತೀನಿ ಸರ್. ಆದ್ರೆ ಒಂದು ವಿಷಯ ಹೇಳ್ಬೇಕು. ಆ ನಕ್ಷೆಯಲ್ಲಿ ಇರೋ ಒಂದು ಒರತೆ ನಮ್ಮ ಚಿಕ್ಕಮ್ಮಂದು."

ಹೇಳಲೇಬೇಕಿತ್ತು, ನಿಯಮ ಹಾಗಿದೆ. ಬೇರೆ ಯಾವ ಕಸುಬಿನವರಾಗಿದ್ದರೂ ಬಾಯಿ ಮುಚ್ಚಿಕೊಂಡು ಮೊದಲು ಷರತ್ತನ್ನು ದಾಟಿಸಿ, ಆಮೇಲೆ "ಅಯ್ಯೋ, ಈಗ ಗೊತ್ತಾಯ್ತು" ಎನ್ನುತ್ತಿದ್ದರು. ನಮ್ಮಂಥವರಿಗೆ ಮಾತ್ರ ಈ ಚಟ: ಕೈ ಶುದ್ಧವಾಗಿದೆಯೆಂದು ತೋರಿಸಲು ಎರಡೂ ಕೈಯನ್ನು ಎತ್ತಿಬಿಡುತ್ತೇವೆ, ಹಿಡಿದುಕೊಂಡಿದ್ದದ್ದು ಕೆಳಗೆ ಬೀಳುತ್ತದೆ. ದೊಡ್ಡವರು ನನ್ನ ಬೆನ್ನು ತಟ್ಟಿದರು, ಒಳ್ಳೆ ಕೆಲಸ ಮಾಡಿದೆ ಎಂದರು, ಮತ್ತು ಆ ಮಧ್ಯಾಹ್ನವೇ ನನ್ನನ್ನು ಯೋಜನೆಯಿಂದ ತೆಗೆದರು. ಇನ್ನು ಮೇಲೆ ನಾನು ಆ ಫೈಲು ತೆರೆಯುವಂತಿಲ್ಲ, ಅದರ ಬಗ್ಗೆ ಯಾರೊಡನೆಯೂ ಮಾತಾಡುವಂತಿಲ್ಲ. ಕೇಳಿಸಿಕೊಂಡದ್ದನ್ನು ಹೊರಗೆ ಹೇಳುವುದಂತೂ ದೂರದ ಮಾತು. ಕೆಲಸ ಬಿಟ್ಟುಹೋದರೂ ಆ ಕಟ್ಟು ಬಿಡುವುದಿಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಗೋಡೆ ಎನ್ನುತ್ತೇವೆ.

ಫೈಲು ಪಕ್ಕದ ಕೋಣೆಯ ಸಹೋದ್ಯೋಗಿಯ ಕೈಗೆ ಹೋಯಿತು. ಅವನ ಅಡ್ಡಹೆಸರು ಅಲ್ಪವಿರಾಮ. ವಾಕ್ಯಕ್ಕೆ ಇಪ್ಪತ್ತು ಅಲ್ಪವಿರಾಮ ಹಾಕದಿದ್ದರೆ ಅವನಿಗೆ ಉಸಿರು ಬರುವುದಿಲ್ಲ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಹೊಟ್ಟೆ ತಣ್ಣಗೆ ಮಾಡಿಕೊಳ್ಳಬಹುದಿತ್ತು.

ಕೆಲವು ತಿಂಗಳಿಗೆ ಯೋಜನೆಯ ಷರತ್ತುಗಳ ಕರಡು ಪತ್ರಿಕೆಯಲ್ಲಿ ಬಂತು. ಒಂದು ತಿಂಗಳೊಳಗೆ ಆಕ್ಷೇಪಣೆ ಕೊಡಬಹುದು ಎಂಬ ಎಂದಿನ ಸಾಲೂ ಇತ್ತು. ಊರಿನವರೆಲ್ಲ ಓದುವಂತೆ ನಾನೂ ಮನೆಯಲ್ಲಿ ಪತ್ರಿಕೆ ಹರಡಿಕೊಂಡು ಓದಿದೆ. ನನ್ನ ಷರತ್ತು ಇತ್ತು. 'ಎಲ್ಲ ಒರತೆಗಳು' ಇರಲಿಲ್ಲ. ಅದರ ಜಾಗದಲ್ಲಿ 'ಆಕ್ಷೇಪಣೆಯ ಅವಧಿಯೊಳಗೆ, ಮಾಲೀಕರು ತಾವಾಗಿ ನೋಂದಾಯಿಸಿದ ಒರತೆಗಳು' ಎಂದಿತ್ತು. ಅಂದರೆ ಈ ಒಂದು ತಿಂಗಳೊಳಗೆ ಚಿಕ್ಕಮ್ಮ ಹೋಗಿ ಬರೆಸಿದರೆ ಅವಳ ಒರತೆ ಲೆಕ್ಕಕ್ಕೆ. ಬರೆಸದಿದ್ದರೆ, ಕಾನೂನಿನ ಕಣ್ಣಿಗೆ ಅಲ್ಲಿ ಒರತೆಯೇ ಇಲ್ಲ.

ಮರುದಿನ ಚಹಾದ ಹತ್ತಿರ ಅಲ್ಪವಿರಾಮನನ್ನು ತಡೆದೆ. "ಯಾಕೋ ಹಾಗೆ ಬದಲಾಯಿಸ್ದೆ?"

ಅವನು ಪಾಪ, ಕಪ್ಪಿನೊಳಗೆ ನೋಡಿದ. "ಗೋಡೆ ಇದೆಯಲ್ಲ ಮೇಡಂ," ಎಂದ.

"ನಿನ್ನ ಗೋಡೆಗಿಷ್ಟು ಬೆಂಕಿ ಹಾಕ!" ಎಂದೆ. ಸುತ್ತಲಿದ್ದವರು ತಿರುಗಿ ನೋಡಿದರು. ದೊಡ್ಡವರು ಕರೆಸಿಕೊಂಡರು. ಚಿಕ್ಕಮ್ಮನಿಗೆ ಒಂದೇ ಒಂದು ಮಾತು ಹೇಳಲು ಅನುಮತಿ ಕೊಡಿ ಎಂದು ಬೇಡಿಕೊಂಡೆ. ಅನುಮತಿ ತಮ್ಮದಲ್ಲ, ಕಂಪನಿಯದು ಎಂದರು. ಕಂಪನಿಯವರನ್ನು ಕೇಳಿದರು ಕೂಡ, ಅಷ್ಟು ಮಾಡಿದರು. ಬೇಡ ಎಂಬ ಉತ್ತರ ಬಂತು. "ಬೇರೆ ಲಾಯರನ್ನ ನೋಡು ಅಂತ ಹೇಳು. ಅಷ್ಟು ಹೇಳೋದಕ್ಕೆ ಯಾರ ಅಡ್ಡಿಯೂ ಇಲ್ಲ," ಎಂದು ದೊಡ್ಡವರು ನನ್ನ ಮುಖ ನೋಡದೆ ಹೇಳಿದರು.

ಆ ಭಾನುವಾರವೇ ಚಿಕ್ಕಮ್ಮನ ಮನೆಗೆ ಹೋದೆ. ಅಂಗಳದಲ್ಲಿ ಪಕ್ಕದ ಸೋಡಾ ಫ್ಯಾಕ್ಟರಿಯವರು ಕೂತಿದ್ದರು. ಅವರದ್ದೂ ಒರತೆಯ ನೀರೇ. ಅವರೊಬ್ಬ ಸಂಶಯದ ಪ್ರಾಣಿ. ಹಾಲಿನವನು ಬೇಗ ಬಂದರೂ ಅನುಮಾನ, ತಡವಾಗಿ ಬಂದರೂ ಅನುಮಾನ. ಆ ಸಂಶಯವೇ ಅವರನ್ನು ಕಾಪಾಡಿತು ಅನ್ನಿ.

"ಸಹಿ ಹಾಕಮ್ಮಾ ತಾಯಿ," ಎನ್ನುತ್ತಿದ್ದರು ಚಿಕ್ಕಮ್ಮನಿಗೆ. "ನಾನು ಲಾಯರ್ ಹಿಡಿದಿದೀನಿ. ಅವರ ಮೂಲಕ ಎಲ್ಲರದ್ದೂ ಒಟ್ಟಿಗೆ ಬರೆಸಿಬಿಡೋಣ. ಈ ಕಂಪನಿಯವರನ್ನ ನಂಬೋ ಹಾಗಿಲ್ಲ."

"ನಿಮಗೆ ಯಾರನ್ನ ತಾನೆ ನಂಬೋ ಹಾಗಿದೆ?" ಎಂದು ಚಿಕ್ಕಮ್ಮ ನಕ್ಕಳು. ನನ್ನನ್ನು ಕಂಡದ್ದೇ ಮುಖ ಅರಳಿತು. "ನೋಡಿ, ಬಂದಳು ನಮ್ಮ ಲಾಯರಮ್ಮ. ಇವಳನ್ನ ಕೇಳಿ ನಾಳೆ ಹೇಳ್ತೀನಿ, ನೀವು ಹೊರಡಿ."

ಅವರು ಹೋದ ಮೇಲೆ ಊಟಕ್ಕೆ ಕೂರಿಸಿದಳು. ಕಿಟಕಿಯಾಚೆ ತೊಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಬಡಿಸುತ್ತಲೇ ಕೇಳಿದಳು, "ಏನೇ ಇದು ಸುರಂಗ? ನನ್ನ ನೀರಿಗೆ ಏನಾದ್ರೂ ಆಗತ್ತಾ?"

ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟೆ. "ಚಿಕ್ಕಮ್ಮಾ, ಈ ವಿಷಯ ನಾನು ಮಾತಾಡೋ ಹಾಗಿಲ್ಲ."

"ಯಾಕೆ?"

"ಕೆಲಸದ ನಿಯಮ. ಯಾಕೆ ಅಂತಾನೂ ಹೇಳೋ ಹಾಗಿಲ್ಲ. ನೀನು ಬೇರೆ ಲಾಯರನ್ನ ಕೇಳು. ಸೋಡಾದವರ ಲಾಯರನ್ನೇ ಕೇಳು."

"ಚೆನ್ನಾಗಿದೆ! ಮನೇಲೇ ಡಾಕ್ಟರ್ ಇಟ್ಕೊಂಡು ಪಕ್ಕದ ಬೀದಿ ಡಾಕ್ಟರಿಗೆ ನಾಲಿಗೆ ತೋರಿಸ್ಲಾ?" ಎಂದು ನನ್ನ ತಲೆಗೆ ಮೊಟಕಿದಳು. "ದೊಡ್ಡ ಮನುಷ್ಯಳಾಗಿಬಿಟ್ಟೆ ನೀನು."

"ತಮಾಷೆ ಅಲ್ಲ ಚಿಕ್ಕಮ್ಮಾ. ಬೇರೆಯವರನ್ನ ಕೇಳು. ನಾಳೇನೇ ಕೇಳು."

ಅವಳು ಸೌಟು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ನಾನೂ ನೋಡಿದೆ. ನನಗೆ ಗೊತ್ತಿದ್ದದ್ದನ್ನೆಲ್ಲ ಕಣ್ಣಲ್ಲೇ ದಾಟಿಸಿಬಿಡುವವಳ ಹಾಗೆ, ರೆಪ್ಪೆ ಮಿಟುಕಿಸದೆ ನೋಡಿದೆ. ನಮ್ಮ ಕಸುಬಿನಲ್ಲಿ ಒಬ್ಬ ವಕೀಲ 'ಹೇಳೋ ಹಾಗಿಲ್ಲ' ಎಂದರೆ ಎದುರಿನವನಿಗೆ ಬೆವರೊಡೆಯುತ್ತದೆ. ಒಳಗೇನೋ ಇದೆ ಎಂದು ಎಂಥ ಮೊದ್ದನಿಗೂ ತಿಳಿಯುತ್ತದೆ. ಅವಳಿಗೂ ತಿಳಿಯಿತು ಎಂದುಕೊಂಡೆ. ನಾನು ಸುಳ್ಳು ಹೇಳಿದರೆ ಅಡುಗೆಮನೆಯಿಂದಲೇ ಕಂಡುಹಿಡಿಯುತ್ತಿದ್ದ ಹೆಂಗಸು, ಇಷ್ಟು ತಿಳಿಯದೇ?

"ಸರಿ ಬಿಡು," ಎಂದು ಮೆಲ್ಲಗೆ ಹೇಳಿ ಮತ್ತಷ್ಟು ಬಡಿಸಿದಳು. "ಊಟ ಮಾಡು, ತಣ್ಣಗಾಗತ್ತೆ."

ನಾನು ಹಗುರಾಗಿ ಮನೆಗೆ ಹೋದೆ. ಆಮೇಲೆ ಎರಡು ಸಲ ಫೋನು ಮಾಡಿ "ಲಾಯರನ್ನ ನೋಡಿದ್ಯಾ?" ಎಂದೆ. ಮೊದಲ ಸಲ ಬಟ್ಟೆಯ ಲಾರಿ ಬಂದಿದೆ ಎಂದಳು. ಎರಡನೇ ಸಲ "ಆಯ್ತು ಮಾರಾಯ್ತಿ, ಆಯ್ತು" ಎಂದಳು. ಏನಾಯಿತು ಎಂದು ಬಿಡಿಸಿ ಕೇಳಿದರೆ ಗೋಡೆಯಾಚೆ ಕಾಲಿಟ್ಟಂತಾಗುತ್ತದೆಂದು ಹೆದರಿ ಅಲ್ಲಿಗೇ ಬಿಟ್ಟೆ.

ಸುರಂಗ ಮುಂದಿನ ಬೇಸಿಗೆಗೆ ಬಂಡೆ ಮೇಷ್ಟ್ರು ಬೆರಳಿಟ್ಟ ಜಾಗಕ್ಕೆ ಬಂತು. ಒರತೆ ಒಂದೇ ಏಟಿಗೆ ಸಾಯಲಿಲ್ಲ. ಪೈಪಿನ ನೀರು ಮೊದಲು ಸಣ್ಣಗಾಯಿತು, ಆಮೇಲೆ ಹನಿಯಾಯಿತು. ಚಿಕ್ಕಮ್ಮ ಪೈಪು ಕಟ್ಟಿಕೊಂಡಿದೆ ಎಂದು ಅದನ್ನು ಬಿಚ್ಚಿಸಿ ತೊಳೆಸಿದಳು. ಒಂದು ಬೆಳಿಗ್ಗೆ ತೊಟ್ಟಿಯ ತಳದ ಪಾಚಿ ಒಣಗಿ ಬಿರಿದಿತ್ತು. ಫೋನಿನಲ್ಲಿ ಅವಳ ದನಿ ಮಗುವಿನದಾಗಿತ್ತು: "ನೀರು ನಿಂತೋಯ್ತಲ್ಲೇ. ಪೂರ್ತಿ ನಿಂತೋಯ್ತು."

ನಾನು ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತೆ. ಇನ್ನೇನು ಮಾಡಲಿ? ಕೈ ಕಾಲು ಬಾಯಿ ಎಲ್ಲ ಇದ್ದೂ ಒಂದೂ ನನ್ನದಾಗಿರಲಿಲ್ಲ.

ಟ್ಯಾಂಕರಿನ ನೀರು ತರಿಸಿ ನೋಡಿದಳು. ಗಡಸು ನೀರು, ಸೋಪು ನೊರೆಯೇಳದೆ ಬಟ್ಟೆಗೆ ಮೆತ್ತಿಕೊಂಡಿತು. ಹಾಸಿಗೆ ಬಟ್ಟೆಗಳು ಮಂಕಾದವು. ಆಸ್ಪತ್ರೆಯವರು ಒಂದು ಲಾರಿ ಬಟ್ಟೆ ಹಿಂದಕ್ಕೆ ಕಳಿಸಿದರು, ಆಮೇಲೆ ಕಳಿಸುವುದನ್ನೇ ನಿಲ್ಲಿಸಿದರು. ಇಸ್ತ್ರಿಯ ಕೋಣೆ ಮುಚ್ಚಿತು. ಕೆಲಸದ ಹೆಂಗಸರು ಒಬ್ಬೊಬ್ಬರೇ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋದರು. ಬಿರುಕು ಮುಚ್ಚಿದರೂ ಪಕ್ಕದ ಸೋಡಾ ಫ್ಯಾಕ್ಟರಿಯ ಒರತೆಯೂ ಬತ್ತಿತ್ತು; ಆದರೆ ಅವರಿಗೆ ಮಾತ್ರ ಕಂಪನಿಯವರು ದೂರದ ಹೊಳೆಯಿಂದ ಪೈಪು ಎಳೆದುಕೊಟ್ಟರು, ಷರತ್ತಿನ ಪ್ರಕಾರ. ಸೋಡಾದವರ ಒರತೆ ನೋಂದಾಯಿತ ಒರತೆ. ಚಿಕ್ಕಮ್ಮನದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಹಾಗೆಂದು ನನಗೆ ಗೊತ್ತಾದದ್ದೇ ಆವಾಗ. 'ಆಯ್ತು, ಆಯ್ತು' ಎಂದಿದ್ದಳಲ್ಲ, ಯಾಕೆ ಬರೆಸಲಿಲ್ಲ ಎಂದು ಕೇಳಲು ಬಾಯಿ ತೆರೆದೆ. ಖಾಲಿ ತೊಟ್ಟಿಯ ಅಂಚಿನಲ್ಲಿ ಕೂತ ಅವಳನ್ನು ನೋಡಿ ಕೇಳಲಾಗಲಿಲ್ಲ.

ಸೋಡಾದವರೇ ತಮ್ಮ ಲಾಯರನ್ನು ಅವಳಿಗೆ ಕೊಡಿಸಿದರು. ತನಗೂ ಒಂದು ಪೈಪು ಬೇಕು, ಅವಳು ಕೇಳಿದ್ದು ಅಷ್ಟೇ. ವಿಚಾರಣೆಯ ಹಿಂದಿನ ದಿನ ನನಗೆ ಫೋನು ಮಾಡಿದಳು. "ನೀನು ಮಾತಾಡೋ ಹಾಗಿಲ್ಲ ಅಂತ ಗೊತ್ತು. ಸುಮ್ನೆ ಬಂದು ಕೂತ್ಕೋ. ನಮ್ಮೋರು ಒಬ್ರು ಕಣ್ಣಿಗೆ ಕಂಡ್ರೆ ಧೈರ್ಯ."

ಅದೊಂದು ಸಾಧಾರಣ ಸರ್ಕಾರಿ ಕೋಣೆ. ಉದ್ದ ಮೇಜು, ಕಿರುಗುಟ್ಟುವ ಫ್ಯಾನು, ಗೋಡೆಗೆ ಒರಗಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು. ಮೇಜಿನ ತಲೆಯಲ್ಲಿ ವಿಚಾರಣಾಧಿಕಾರಿ, ಪಕ್ಕದಲ್ಲಿ ಹೇಳಿದ್ದನ್ನು ಟೈಪು ಮಾಡುವ ಹೆಂಗಸು. ಕಂಪನಿಯ ಪರ ಅಲ್ಪವಿರಾಮ. ನಾನು ಹಿಂದಿನ ಸಾಲಿನಲ್ಲಿ ಕೂತೆ. ಚಿಕ್ಕಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದಿದ್ದಳು. ತನ್ನ ಕೈಯಾರೆ ಮಾಡಿದ ಇಸ್ತ್ರಿ, ಒಂದು ಸುಕ್ಕಿರಲಿಲ್ಲ.

ಅವಳ ಲಾಯರು ಚೆನ್ನಾಗಿಯೇ ವಾದಿಸಿದ. ಆಕೆಗೆ ಈ ಷರತ್ತಿನ ವಿಷಯ ಸರ್ಕಾರದವರಾಗಲಿ ಕಂಪನಿಯವರಾಗಲಿ ತಿಳಿಸಿರಲಿಲ್ಲ, ತಿಳಿಯದವರಿಗೆ ಅವಧಿಯ ಕಟ್ಟು ಹಾಕುವುದು ನ್ಯಾಯವಲ್ಲ ಎಂದ. ಅಧಿಕಾರಿ ತಲೆಯಾಡಿಸಿದರು. ನನ್ನೊಳಗೆ ಏನೋ ಚೂರು ಬೆಳಕಾಯಿತು. ಹೌದು, ಆ ಒಂದು ಸಂದಿಯಿತ್ತು. ತಿಳಿದಿರಲಿಲ್ಲ ಎಂದು ಅಧಿಕಾರಿಗೆ ಮನವರಿಕೆಯಾದರೆ ಈಗಲೂ ಹೆಸರು ಸೇರಿಸಬಹುದು. ಹೇಳು ಚಿಕ್ಕಮ್ಮಾ, ಗೊತ್ತಿರಲಿಲ್ಲ ಅಂತ ಹೇಳು, ಎಂದು ಒಳಗೊಳಗೇ ಹಲ್ಲು ಕಚ್ಚಿಕೊಂಡೆ.

ಅಲ್ಪವಿರಾಮ ಎದ್ದು ನಿಂತ. ಅವನ ಕೆಲಸ ಅವನು ಮಾಡಲೇಬೇಕು. "ಅಮ್ಮಾ, ನಿಮ್ಮ ಪಕ್ಕದ ಸೋಡಾ ಫ್ಯಾಕ್ಟರಿಯವರು ಅವಧಿಯೊಳಗೇ ನೋಂದಾಯಿಸಿದ್ರು. ನಿಮ್ಮ ಹತ್ರಾನೂ ಬಂದು ಹೇಳಿದ್ರು ಅಂತ ಅವರೇ ಅವತ್ತು ಬರೆಸುವಾಗ ಹೇಳಿಕೆ ಕೊಟ್ಟಿದಾರೆ. ನಿಮಗೆ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತಪ್ಪ. ಇಲ್ಲ ಅಂತ ಹೇಗೆ ಹೇಳ್ಲಿ?" ಎಂದಳು ಚಿಕ್ಕಮ್ಮ. ಅವಳಿಗೆ ಸುಳ್ಳು ಬರುವುದಿಲ್ಲ.

"ಮತ್ತೆ ಯಾಕೆ ಬರೆಸ್ಲಿಲ್ಲ?"

"ನಮ್ಮನೇಲೇ ಲಾಯರ್ ಇದಾಳಲ್ಲ," ಎಂದಳು. ಆ ಹೊತ್ತಿನಲ್ಲೂ ಅವಳ ದನಿಯಲ್ಲಿ ಒಂದು ಹೆಮ್ಮೆ. "ನನ್ನ ಅಕ್ಕನ ಮಗಳು. ಇದೇ ಥರದ ಕೇಸು ನೋಡೋಳು. ಅವಳನ್ನೇ ಕೇಳ್ದೆ, ನನ್ನ ನೀರಿಗೆ ಏನಾದ್ರೂ ಆಗತ್ತೇನೇ ಅಂತ. ಕೆಲಸದ ವಿಷಯ, ಮಾತಾಡೋ ಹಾಗಿಲ್ಲ ಅಂದ್ಲು. ಇರ್ಲಿ, ಅವಳ ನಿಯಮ ಅವಳಿಗೆ. ಬೇರೆಯವರನ್ನ ಕೇಳು ಅಂತಾನೂ ಅಂದ್ಲು. ನಾನೇ ಕೇಳಕ್ಕೆ ಹೋಗ್ಲಿಲ್ಲ. ಯಾಕೆ ಅಂದ್ರೆ ಸಾರ್, ನೀರು ಬತ್ತತ್ತೆ ಅಂತ ಗೊತ್ತಿದ್ರೆ, ಯಾವ ನಿಯಮ ಇದ್ರೂ ನಮ್ಮ ಮಗು ನನಗೆ ಹೇಳ್ದೆ ಇರ್ತಿರ್ಲಿಲ್ಲ."

ಹಾಗೆಂದು ಹಿಂದೆ ತಿರುಗಿ ಕುರ್ಚಿಗಳ ಸಾಲಿನಲ್ಲಿ ನನ್ನನ್ನು ಹುಡುಕಿದಳು. ಕಂಡೆ. ನೀನೇನೂ ಬೇಜಾರು ಮಾಡಿಕೊಳ್ಳಬೇಡ ಎನ್ನುವ ಹಾಗೆ ಸಣ್ಣಗೆ ನಕ್ಕಳು.

ಅಲ್ಪವಿರಾಮ ನಿಂತೇ ಇದ್ದ. ನನ್ನ ಕಡೆ ನೋಡಬಾರದೆಂದು ಮೇಜನ್ನೇ ನೋಡುತ್ತ, "ಇಷ್ಟೇ ಸಾರ್," ಎಂದು ಕೂತ. ನಾನು ಏಳಬೇಕೆಂದುಕೊಂಡೆ, ಕೂಗಬೇಕೆಂದುಕೊಂಡೆ. ಎದ್ದು ಏನು ಹೇಳಲಿ? ಗೊತ್ತಿತ್ತು ಎಂದರೆ ಎಲ್ಲಿಂದ ಗೊತ್ತಾಯಿತೆಂದು ಹೇಳಬೇಕು. ಹಾಗೆ ತಿಳಿದ ಮಾತನ್ನು ಅಧಿಕಾರಿ ಕಿವಿಗೇ ಹಾಕಿಕೊಳ್ಳುವಂತಿಲ್ಲ. ನನ್ನ ಸನ್ನದು ಹೋಗುತ್ತದೆ, ಹೋಗಲಿ, ಆದರೆ ಅವಳ ತೊಟ್ಟಿಗೆ ಅದರಿಂದ ಒಂದು ಹನಿ ಬೀಳುವುದಿಲ್ಲ. ಮತ್ತು ಅವಳಿಗೆ ಗೊತ್ತಾಗುತ್ತದೆ. ಕುರ್ಚಿಯ ಅಂಚು ಹಿಡಿದುಕೊಂಡು ಕೂತೇ ಇದ್ದೆ.

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ತಿಳಿದೂ ಬರೆಸಲಿಲ್ಲ ಎಂದಾಯಿತು ಎಂದು ತಮ್ಮಷ್ಟಕ್ಕೆ ಎಂಬಂತೆ ಹೇಳಿದರು. ಟೈಪು ಮಾಡುತ್ತಿದ್ದ ಹೆಂಗಸು ಕೈ ನಿಲ್ಲಿಸಿ ಕೇಳಿದಳು, "'ಯಾವ ನಿಯಮ ಇದ್ರೂ' ಅಂದ್ರಲ್ಲ, ಆ ಕೊನೇ ಮಾತು ಬಿಟ್ಟುಹೋಯ್ತು ಅಮ್ಮ, ಇನ್ನೊಂದ್ಸಲ ಹೇಳ್ತೀರಾ?"

ಚಿಕ್ಕಮ್ಮ ಗಂಟಲು ಸರಿಮಾಡಿಕೊಂಡಳು. ಎಲ್ಲರಿಗೂ ಕೇಳುವ ಹಾಗೆ, ಒಂದೊಂದೇ ಪದವನ್ನು ಬಿಡಿಬಿಡಿಯಾಗಿ, ಆ ಮಾತನ್ನು ಮತ್ತೆ ಹೇಳಿದಳು.